ಬಂದರಿನ ಲೆಕ್ಕವನ್ನು ಓದುವವರಾರು?

ಸೌಪರ್ಣಿಕೆ, ಚಕ್ರೆ, ವಾರಾಹಿ, ಕುಬ್ಜೆ, ಖೇಟೆ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಕಡಲನ್ನು ಸೇರುವ ಅಳಿವೆಯ ಬಡಗಣ ದಡದಲ್ಲಿ ಗಂಗೊಳ್ಳಿಯೂ ತೆಂಕಣ ದಡದಲ್ಲಿ ಕುಂದಾಪುರದ ಕೋಡಿಯೂ ಇವೆ. ಅಲ್ಲಿಯ ಬಂದರಿನ ವಿಚಾರವಾಗಿ ಇಬ್ಬರು ನಡೆಯಿಸಿದ ಸಂವಾದವಿದು. ಒಬ್ಬರು ಬಹುಕಾಲ ಆ ಊರಿನ ಮಕ್ಕಳಿಗೆ ಪಾಠ ಹೇಳಿ, ನಿವೃತ್ತರಾದ ಮೇಲೆ ಪಂಚಾಯತಿಯ ಸದಸ್ಯರಾಗಿಯೂ ದುಡಿದ ಮಾಸ್ತರರು. ಮತ್ತೊಬ್ಬರು ಅವರಲ್ಲಿಯೇ ಓದಿ, ಈಗ ಕರಾವಳಿಯ ಬಂದರು ಕಾಮಗಾರಿಗಳನ್ನು ನೋಡಿಕೊಳ್ಳುತ್ತಿರುವ ಎಂಜಿನಿಯರು.

ಎಂಜಿನಿಯರು: ಮಾಸ್ತರರೇ, ಬಂದರಿನ ಕೆಲಸಕಾರ್ಯಗಳ ಮೇಲೆ ಊರಿಗೂ ಒಂದು ಉಸ್ತುವಾರಿ ಇರತಕ್ಕದ್ದೆಂದು ತಾವು ಗ್ರಾಮಸಭೆಯಲ್ಲಿ ಬಹಳ ಹೊತ್ತು ವಾದಿಸಿದಿರೆಂದು ಕೇಳಿದೆ. ತಮ್ಮ ಮಾತಿಗೆ ಎದುರಾಡುವ ಧೈರ್ಯ ನನಗೆ ಇಂದಿಗೂ ಸುಲಭವಾಗಿ ಬರುವುದಿಲ್ಲ. ಆದರೂ ಕಾನೂನು ತಮ್ಮ ಪಕ್ಷದಲ್ಲಿಲ್ಲವೆಂದು ಹೇಳಲೇಬೇಕಾಗಿದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮಹಾಬಂದರುಗಳು ಕೇಂದ್ರಪಟ್ಟಿಗೆ ಸೇರಿವೆ. ಉಳಿದ ಬಂದರುಗಳೆಲ್ಲ ಸಮವರ್ತಿ ಪಟ್ಟಿಯ 31ನೆಯ ನಮೂದಿನಲ್ಲಿ ಕೇಂದ್ರ ಮತ್ತು ರಾಜ್ಯಗಳಿಗೆ ಸಮಾನವಾಗಿ ಸಂದಿವೆ. 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಹೆಸರಿಸಿದರಷ್ಟೆ. ಅವುಗಳಲ್ಲಿ ಬಂದರೆಂಬುದು ಎಲ್ಲಿಯೂ ಇಲ್ಲ.

ಮಾಸ್ತರರು: ಒಪ್ಪಿದೆ, ತಮ್ಮಾ. ಆದರೆ ಅದೇ ಪಟ್ಟಿಯ ಐದನೆಯ ವಿಷಯ ಮೀನುಗಾರಿಕೆ ಎಂಬುದನ್ನೂ ಅದರೊಡನೆ ಓದಬೇಕು. ಮೀನುಗಾರಿಕೆ ಪಂಚಾಯತಿಯ ಚಿಂತೆಗೆ ಸಲ್ಲತಕ್ಕ ವಿಷಯವಾದ ಮೇಲೆ, ಆ ಮೀನು ಇಳಿಯುವ ಜೆಟ್ಟಿ, ಅದನ್ನು ಹರಾಜು ಹಾಕುವ ಪ್ರಾಂಗಣ, ಬೋಟುಗಳು ಒಳಬರುವ ಅಳಿವೆಯ ಬಾಗಿಲು, ಇವು ಮಾತ್ರ ಊರಿನ ಚಿಂತೆಗೆ ಹೊರತಾಗುವುದು ಹೇಗೆ? ಇದು ದೂರದೇಶದ ಹಡಗುಗಳು ತಂಗುವ ಮಹಾಬಂದರಲ್ಲ. ಮಂಗಳೂರಿನ ಪಣಂಬೂರಿನಲ್ಲಿ 1974ರಲ್ಲಿ ಮಹಾಬಂದರೆಂದು ಘೋಷಿತವಾದುದರ ಸಂಗತಿ ಬೇರೆ. ಅಲ್ಲಿಯ ಹಿತಾಹಿತಗಳು ಇಡೀ ದೇಶದ ವಾಣಿಜ್ಯಕ್ಕೆ ಸಂಬಂಧಪಟ್ಟವು. ನಮ್ಮದಾದರೋ, ಬೂತಾಯಿ ಮೀನು ಬಂದ ವರ್ಷ ಊರಿನ ಅಂಗಡಿಗಳೆಲ್ಲ ತುಂಬಿ, ಬಾರದ ವರ್ಷ ಶಾಲೆಯ ಶುಲ್ಕಕ್ಕೂ ತಾಯಂದಿರು ಸಾಲ ತರುವ ಚಿಕ್ಕ ಬಂದರು. ನಾನು ಇದರ ಒಡೆತನವನ್ನು ಪಂಚಾಯತಿಗೆ ಕೊಡಿರೆಂದು ಕೇಳುತ್ತಿಲ್ಲ. ನಡೆಯಿಸುವ ಅಧಿಕಾರವನ್ನೂ ಕೇಳುತ್ತಿಲ್ಲ. ನಡೆಯಿಸುವವರು ತಾವು ನಡೆಯಿಸಿದ್ದರ ಲೆಕ್ಕವನ್ನು ನಿಯತಕಾಲದಲ್ಲಿ ಊರಿನ ಮುಂದಿಟ್ಟು, ಊರಿನ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡುವ ಬಾಧ್ಯತೆಗೆ ಒಳಗಾಗಬೇಕೆಂಬುದಷ್ಟೇ ನನ್ನ ವಾದ.

ಎಂಜಿನಿಯರು: ಅಷ್ಟಕ್ಕೆ ಮಾತ್ರವೆಂದು ಆರಂಭವಾದ ಬೇಡಿಕೆ ಅಲ್ಲಿಯೇ ನಿಲ್ಲುವುದಿಲ್ಲವೆಂಬುದು ನನ್ನ ಅಂಜಿಕೆ. ಕಡಲಿನ ವ್ಯವಹಾರ ಊರಿನ ಅಳವಿಗೆ ಮೀರಿದ್ದು. 2018ರ ಡಿಸೆಂಬರಿನಲ್ಲಿ ಏಳು ಮಂದಿಯನ್ನು ಹೊತ್ತು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜವೆಂಬ ಬೋಟು ಕಾಣೆಯಾಯಿತಲ್ಲವೆ? ಕರಾವಳಿಯ ಊರೂರುಗಳೂ ಮರುಗಿದವು. ಮೀನುಗಾರರು ತಾವೇ ಹುಡುಕಿದರು. ಕೊನೆಗೆ ಮಹಾರಾಷ್ಟ್ರದ ಮಾಲವಣದಾಚೆಯ ಕಡಲಿನಲ್ಲಿ ಅದರ ಅವಶೇಷವನ್ನು 2019ರ ಮೇ ತಿಂಗಳಲ್ಲಿ ಪತ್ತೆಮಾಡಿದುದು ನೌಕಾಪಡೆಯ ಹಡಗು. ಅಂಥ ಕಾರ್ಯಕ್ಕೆ ಪಂಚಾಯತಿಯ ಯಾವ ಠರಾವು ಸಾಕಾದೀತು?

ಮಾಸ್ತರರು: ಕಡಲಿನ ರಕ್ಷಣೆ, ಬೋಟುಗಳ ನೋಂದಣಿ, ಎಲ್ಲೆಮೀರಿ ಬಲೆ ಬೀಸಿದವರ ದಂಡನೆ, ಇವು ಮೇಲಿನವರ ಕೈಯಲ್ಲಿಯೇ ಇರಲಿ. ನಾನು ಮಾತನಾಡುತ್ತಿರುವುದು ದಡದ ವಿಚಾರ. ಈ ದಡದ ಮೇಲೆ ಎಷ್ಟು ಮಂದಿ ಅಧಿಪತಿಗಳಿದ್ದಾರೆಂದು ಒಮ್ಮೆ ಎಣಿಸಿ ನೋಡು. ಅಳಿವೆಯ ಹೂಳೂ ಅಲೆ ತಡೆಗೋಡೆಯೂ ಬಂದರು ಇಲಾಖೆಗೆ ಸೇರಿದವು. ಬೋಟಿನ ಪರವಾನಗಿಯೂ ಡೀಸೆಲ್ ಸಹಾಯಧನವೂ ಮೀನುಗಾರಿಕೆ ಇಲಾಖೆಗೆ. ನೆಲದ ದಾಖಲೆ ಕಂದಾಯದವರಿಗೆ. ಕಾಂಡ್ಲಾ ವನ ಅರಣ್ಯದವರಿಗೆ. ಕಾವಲು ಕರಾವಳಿ ಕಾವಲು ಪೊಲೀಸರಿಗೆ. ದಡದಲ್ಲಿ ಏನನ್ನಾದರೂ ಕಟ್ಟಬೇಕಾದರೆ ಅನುಮತಿ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ್ದು. ಇವೆಲ್ಲ ಹಂಚಿಹೋದ ಮೇಲೆ ಪಂಚಾಯತಿಗೆ ಉಳಿದುದು ಕಸ ಮತ್ತು ಬೀದಿಯ ದೀಪ. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡಿದರೆಂದೇ ಇಟ್ಟುಕೊಂಡರೂ, ಪಾಲು ಪಾಲುಗಳ ನಡುವೆ ಬೀಳುವ ಬಿರುಕನ್ನು ನೋಡುವವರು ಯಾರೂ ಇಲ್ಲ. 2023ರ ದೀಪಾವಳಿಯ ಹೊತ್ತಿನಲ್ಲಿ ಇಲ್ಲಿ ದಡದಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ತಗುಲಿ ಹಲವು ಬೋಟುಗಳು ಸುಟ್ಟುಹೋದುದು ನಿನಗೆ ತಿಳಿದಿದೆ. ಒಂದಕ್ಕೊಂದು ತಾಗಿ ನಿಂತ ಬೋಟುಗಳು, ಫೈಬರು, ಡೀಸೆಲು, ನೈಲಾನ್ ಬಲೆ, ಕಿಡಿಯೊಂದು ಸಾಕು. ಬೋಟುಗಳ ನಡುವೆ ಎಷ್ಟು ಅಂತರವಿರಬೇಕು, ಅಗ್ನಿಶಾಮಕದ ಬಂಡಿ ಒಳಬರುವ ದಾರಿಯನ್ನು ಯಾರು ತೆರವಾಗಿಡಬೇಕು, ನೀರಿನ ಕೊಳವೆ ಎಲ್ಲಿರಬೇಕು ಎಂಬ ಮೂರು ಪ್ರಶ್ನೆಗಳು ಅವಘಡಕ್ಕೆ ಮೊದಲು ಒಂದೇ ಮೇಜಿನ ಮೇಲೆ ಬರತಕ್ಕವು. ಅಂಥ ಮೇಜೊಂದು ಯಾವ ಚಿಕ್ಕ ಬಂದರಿನಲ್ಲಿದೆ, ಹೇಳು.

ಎಂಜಿನಿಯರು: ಮೇಜು ಇಲ್ಲದಿಲ್ಲ. 1908ರ ಭಾರತೀಯ ಬಂದರುಗಳ ಅಧಿನಿಯಮವು ಪ್ರತಿಯೊಂದು ಬಂದರಿಗೂ ಒಬ್ಬ ಕನ್ಸರ್ವೇಟರನನ್ನು, ಅಂದರೆ ಬಂದರು ಸಂರಕ್ಷಣಾಧಿಕಾರಿಯನ್ನು, ಸರ್ಕಾರವು ನೇಮಿಸತಕ್ಕದ್ದೆಂದು ವಿಧಿಸಿತ್ತು. ದಾರಿಗೆ ಅಡ್ಡವಾದುದನ್ನು ತೆಗೆಯಿಸುವ, ಹಡಗು ದೋಣಿಗಳು ನಿಲ್ಲಬೇಕಾದ ತಾಣವನ್ನು ಗೊತ್ತುಪಡಿಸುವ, ಬೆಂಕಿಯ ವಿಷಯದಲ್ಲಿ ಎಚ್ಚರ ವಹಿಸುವ ಅಧಿಕಾರಗಳೆಲ್ಲ ಅವನಿಗಿದ್ದವು. ಇಷ್ಟು ಸ್ಪಷ್ಟವಾಗಿ ಒಬ್ಬನನ್ನು ಹೊಣೆಗಾರನನ್ನಾಗಿ ಮಾಡಿದ ಮೇಲೆ ಅವನ ಮೇಲೊಂದು ಸಮಿತಿ ಏತಕ್ಕೆ?

ಮಾಸ್ತರರು: ಅದೇ ಅಧಿನಿಯಮದಲ್ಲಿ ಇನ್ನೊಂದು ಮಾತಿತ್ತು; ಬಂದರಿನವರೇ ಅದನ್ನು ಮರೆತಿರುವುದು ನನಗೆ ಬಹಳ ದುಃಖದ ಸಂಗತಿ. ಬಂದರಿನ ಶುಲ್ಕವನ್ನು ವಸೂಲು ಮಾಡುವ ಅಧಿಕಾರಿಯು ಆ ಬಂದರಿಗೆಂದೇ ಪ್ರತ್ಯೇಕವಾದ ‘ಬಂದರು ನಿಧಿ’ಯ ಲೆಕ್ಕವನ್ನು ಇಡತಕ್ಕದ್ದು; ಏಪ್ರಿಲ್ ಒಂದನೆಯ ತಾರೀಖು ಕಳೆದ ಮೇಲೆ ಸಾಧ್ಯವಾದಷ್ಟು ಬೇಗನೆ ಹಿಂದಿನ ವರ್ಷದ ಆಯವ್ಯಯದ ಸಾರಾಂಶವನ್ನು ಪ್ರತಿವರ್ಷವೂ ಪ್ರಕಟಿಸತಕ್ಕದ್ದು, ಎಂದು 36ನೆಯ ಪ್ರಕರಣವು ಹೇಳಿತ್ತು. ಪರದೇಶದವರ ಆಳ್ವಿಕೆಯಲ್ಲಿ, ಜನರಿಗೆ ಆಡಳಿತದಲ್ಲಿ ಪಾಲೆಂಬುದು ಅತ್ಯಲ್ಪವಾಗಿದ್ದ ಕಾಲದಲ್ಲಿ, ಶುಲ್ಕ ತೆತ್ತವನಿಗೆ ಲೆಕ್ಕ ಕಾಣುವ ಹಕ್ಕಿದೆಯೆಂಬ ತತ್ತ್ವವನ್ನು ಆ ಕಾನೂನು ತಕ್ಕಮಟ್ಟಿಗೆ ಒಪ್ಪಿಕೊಂಡಿತ್ತು. ಸ್ವರಾಜ್ಯ ಬಂದ ಮೇಲೆ ಈ ಬೀಜ ಮೊಳೆತು ಮರವಾಗಬೇಕಾಗಿತ್ತು. ಆದರೆ ಲೆಕ್ಕವೆಂಬುದು ಒಂದು ಕಚೇರಿಯಿಂದ ಮತ್ತೊಂದು ಕಚೇರಿಗೆ ಹೋಗುವ ಕಾಗದವಾಗಿಯೇ ನಿಂತಿತು. ಜೆಟ್ಟಿಯ ಮೇಲೆ ನಿಂತು ಮೀನಿನ ಬುಟ್ಟಿ ಹೊರುವವಳಿಗೆ, ಆ ಜೆಟ್ಟಿಯಿಂದ ವರ್ಷಕ್ಕೆ ಎಷ್ಟು ಹಣ ಹುಟ್ಟುತ್ತದೆ, ಅದರಲ್ಲಿ ಎಷ್ಟು ಅದಕ್ಕೇ ಹಿಂದಿರುಗುತ್ತದೆ ಎಂಬುದನ್ನು ಹೇಳುವವರಿಲ್ಲ. ಪ್ರಕಟವಾದುದು ಸಲ್ಲಬೇಕಾದವರ ಕಣ್ಣಿಗೆ ಬೀಳದೆ ಹೋದರೆ ಅದನ್ನು ಪ್ರಕಟಣೆಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎಂಜಿನಿಯರು: ಹಣದ ಲೆಕ್ಕವನ್ನಾದರೂ ಊರು ಓದಬಹುದು, ಕೂಡಿಸಿ ಕಳೆಯಲು ತಾವೇ ಕಲಿಸಿದ್ದೀರಿ. ಆದರೆ ಬಂದರಿನ ಮುಖ್ಯವಾದ ಪ್ರಶ್ನೆಗಳು ಹಣದವಲ್ಲ. ಅಳಿವೆಯ ಬಾಯಿ ಏಕೆ ಮುಚ್ಚುತ್ತದೆ, ಮಳೆಗಾಲದ ಹೊಳೆಯ ಹೂಳು ಎಷ್ಟು, ದಡಕ್ಕೆ ಸಮಾಂತರವಾಗಿ ಕಡಲು ಸಾಗಿಸುವ ಮರಳು ಎಷ್ಟು, ಗೋಡೆಯನ್ನು ಯಾವ ಕೋನದಲ್ಲಿ ಎಷ್ಟು ಉದ್ದ ಕಟ್ಟಿದರೆ ಹರಿವು ತಾನಾಗಿ ಕಾಲುವೆಯನ್ನು ತೊಳೆದುಕೊಂಡೀತು ಎಂಬುವು ಬಹುವರ್ಷಗಳ ಅಳತೆಯನ್ನೂ ಗಣಿತವನ್ನೂ ಬೇಡುವ ಪ್ರಶ್ನೆಗಳು. ಇವನ್ನು ಕೈಯೆತ್ತಿ ಮತ ಹಾಕಿ ತೀರ್ಮಾನಿಸುವುದು ಸಾಧ್ಯವಲ್ಲ.

ಮಾಸ್ತರರು: ತೀರ್ಮಾನಿಸಕೂಡದು, ಅದರಲ್ಲಿ ನಿನ್ನೊಡನೆ ನನಗೆ ಕಿಂಚಿತ್ತೂ ಭೇದವಿಲ್ಲ. ಆದರೆ ನಿನ್ನ ಗಣಿತಕ್ಕೆ ಬೇಕಾದ ಅಳತೆಗಳಲ್ಲಿ ಕೆಲವನ್ನು ಪ್ರತಿದಿನವೂ ಪ್ರಾಣವನ್ನು ಪಣವಾಗಿಟ್ಟು ತೆಗೆಯುವವನು ಬೋಟನ್ನು ನಡೆಯಿಸುವ ತಾಂಡೇಲ. ನಡುರಾತ್ರಿ ಇಳಿತದ ಹೊತ್ತಿನಲ್ಲಿ, ತುಂಬಿದ ಬೋಟಿನೊಡನೆ ಅಳಿವೆಯ ಬಾಗಿಲನ್ನು ಹೊಕ್ಕು, ಅಡಿಮರ ಮರಳನ್ನು ತಾಗುವುದೋ ಇಲ್ಲವೋ ಎಂದು ಉಸಿರು ಹಿಡಿದು ನಿಲ್ಲುವವನಿಗೆ, ಹಿಂದಿನ ವಾರ ಎಡಕ್ಕಿದ್ದ ದಿಣ್ಣೆ ಈ ವಾರ ಬಲಕ್ಕೆ ಸರಿದಿದೆಯೆಂಬುದು ನಕ್ಷೆಯಿಲ್ಲದೆಯೇ ಗೊತ್ತು. ಅವನ ಅರಿವು ಇಂದಿನದು. ನಿನ್ನ ಅರಿವು ಇಪ್ಪತ್ತು ವರ್ಷಗಳ ಮುಂದಿನದು. ಇಂದಿನ ಅರಿವಿಲ್ಲದೆ ಮುಂದಿನ ಯೋಜನೆ ಮಾಡಿದರೆ ಕಟ್ಟಿದ ಗೋಡೆ ಸರಿಯಾಗಿದ್ದೂ ಬೋಟು ಒಡೆಯುವುದುಂಟು. ಮುಂದಿನ ಅರಿವಿಲ್ಲದೆ ಇಂದಿನದನ್ನೇ ನಂಬಿದರೆ ಪ್ರತಿವರ್ಷವೂ ಹೂಳೆತ್ತುತ್ತ ಹಣವನ್ನು ಕಡಲಿಗೆ ಸುರಿಯಬೇಕಾಗುವುದು. ಹೂಳೆತ್ತುವ ಕೆಲಸವನ್ನೇ ನೋಡು. ನೀರಿನೊಳಗೆ ನಡೆಯುವ ಈ ಕೆಲಸವನ್ನು ರಸ್ತೆಯ ಕೆಲಸದಂತೆ ದಾರಿಹೋಕನು ಕಂಡು ಅಳೆಯಲಾರನು. ಎತ್ತಿದ ಹೂಳೆಷ್ಟು, ಅದನ್ನು ಸುರಿದುದೆಲ್ಲಿ, ಸುರಿದುದು ಮರುವರ್ಷ ಹಿಂದಕ್ಕೆ ಬಂದುದೆಷ್ಟು ಎಂಬುದಕ್ಕೆ ಸಾಕ್ಷಿಯಿರುವುದು ಕೆಲಸಕ್ಕೆ ಮೊದಲಿನ ಆಳ ಮತ್ತು ಕೆಲಸ ಮುಗಿದ ಮೇಲಿನ ಆಳ, ಈ ಎರಡು ಅಳತೆಗಳಲ್ಲಿ ಮಾತ್ರ. ಆ ಅಳತೆ ತೆಗೆಯುವಾಗ ನಿನ್ನ ದೋಣಿಯಲ್ಲಿ ಊರಿನ ಇಬ್ಬರು ತಾಂಡೇಲರು ಕುಳಿತಿರಲಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಹರಾಜು ಪ್ರಾಂಗಣದ ಗೋಡೆಗೆ ಅಂಟಿಸಲಿ. ಇದರಿಂದ ನಿನ್ನ ಶಾಸ್ತ್ರಕ್ಕೆ ಯಾವ ಕುಂದು ಬಂದೀತು?

ಎಂಜಿನಿಯರು: ಕುಂದಿಲ್ಲ, ಪ್ರಾಮಾಣಿಕವಾಗಿ ಕೆಲಸ ಮಾಡುವ ಎಂಜಿನಿಯರಿಗೆ ಅದು ರಕ್ಷಣೆಯೇ ಆದೀತು. ಆದರೆ ಇದಕ್ಕಿಂತ ದೊಡ್ಡ ತೊಡಕೊಂದಿದೆ. ಕಡಲ ದಂಡೆ ಊರುಗಳ ಗಡಿಯನ್ನು ಅರಿಯದು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯ ಎರಡೂ ಬದಿಗಳಲ್ಲಿ ಕಲ್ಲಿನ ಗೋಡೆಗಳನ್ನು ಕಟ್ಟಿದ ಮೇಲೆ ಹಳೆಯ ಬಂದರಿನ ಬೋಟುಗಳಿಗೆ ದಾರಿ ಸುಗಮವಾಯಿತು. ಆದರೆ ತೆಂಕಣ ದಿಕ್ಕಿನ ಉಳ್ಳಾಲದ ದಂಡೆಯಲ್ಲಿ ಕೊರೆತವು ಹೆಚ್ಚಿ, ಮನೆಗಳೂ ತೆಂಗಿನ ತೋಟಗಳೂ ಕಡಲ ಪಾಲಾದವು. ಅಲ್ಲಿ ದಂಡೆಯನ್ನು ಉಳಿಸುವ ಕಾರ್ಯಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವನ್ನು ಪಡೆಯಬೇಕಾಗಿ ಬಂತು. ಬಂದರಿನ ಊರಿಗೆ ಉಸ್ತುವಾರಿ ಕೊಟ್ಟರೆ ಅದು ತನ್ನ ಬಾಗಿಲನ್ನು ತೆರೆಯಿಸಿಕೊಂಡೀತು. ಪಕ್ಕದ ಊರಿನ ಅಂಗಳವನ್ನು ಕಡಲು ತಿಂದರೆ ಅದಕ್ಕೇನು ಬಾಧೆ?

ಮಾಸ್ತರರು: ನೀನು ಎತ್ತಿದ ಆಕ್ಷೇಪಗಳಲ್ಲಿ ಇದೇ ಬಲವಾದುದು. ಆದರೆ ಉಳ್ಳಾಲದ ಆ ಗೋಡೆಗಳನ್ನು ಕಟ್ಟಿದುದು ಊರಿನ ಸಮಿತಿಯಲ್ಲ. ದೂರದಿಂದ, ಇಡೀ ದಂಡೆಯನ್ನು ನೋಡಬಲ್ಲ ಎತ್ತರದಿಂದ, ಯೋಜಿಸಿದವರೇ ಅವನ್ನು ಕಟ್ಟಿದರು. ಆದುದರಿಂದ ಎತ್ತರದಲ್ಲಿ ಕುಳಿತ ಮಾತ್ರಕ್ಕೆ ಪಕ್ಕದ ಊರು ಕಾಣುತ್ತದೆಂಬ ಭರವಸೆಯಿಲ್ಲ. ಕೊರೆತದ ಮೊದಲ ಗುರುತನ್ನು ಕಾಣುವವನು ದಂಡೆಯ ಮೇಲೆ ಮನೆಯಿದ್ದವನು. ಅವನಿಗೆ ಮಾತನಾಡಲು ಒಂದು ಸ್ಥಾನವಿದ್ದರೆ, ಮನೆ ಬೀಳುವುದಕ್ಕೆ ಹತ್ತು ವರ್ಷ ಮೊದಲೇ ಅವನ ಮಾತು ಕಡತವನ್ನು ಸೇರೀತು. ನಮ್ಮಲ್ಲಿಯಂತೂ ಒಂದೇ ಅಳಿವೆಗೆ ಗಂಗೊಳ್ಳಿಯದೊಂದು ದಡ, ಕೋಡಿಯದೊಂದು ದಡ. ಬಡಗಣ ಗೋಡೆಯ ಹಿತವನ್ನು ನೋಡುವ ಸಮಿತಿಯಲ್ಲಿ ತೆಂಕಣ ದಡದವರು ಇರಲೇಬೇಕು. ಅಷ್ಟೇ ಅಲ್ಲ, ದಂಡೆಯ ಉದ್ದಕ್ಕೂ ಎರಡೂ ಬದಿಯ ನೆರೆಯ ಗ್ರಾಮಗಳ ಪ್ರತಿನಿಧಿಗಳೂ ಇರಬೇಕು. ಬಂದರು ಯಾವ ಗ್ರಾಮದಲ್ಲಿದೆಯೆಂಬುದನ್ನು ಮಾತ್ರವಲ್ಲದೆ, ಬಂದರಿನ ಪರಿಣಾಮ ಯಾವ ಗ್ರಾಮದವರೆಗೆ ಮುಟ್ಟುತ್ತದೆಂಬುದನ್ನೂ ನೋಡಿ ಅದರ ಎಲ್ಲೆಯನ್ನು ಗುರುತಿಸಬೇಕು.

ಎಂಜಿನಿಯರು: ಎಲ್ಲೆಯನ್ನು ಗುರುತಿಸಿದರೂ ಒಳಗೆ ಕುಳಿತುಕೊಳ್ಳುವವರು ಯಾರು? ಬಲವುಳ್ಳವರೇ ಅಲ್ಲವೆ? ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ, ನೂರಾರು ಮಂದಿ ಒಂದಾಗಿ ಎಳೆಯುತ್ತಿದ್ದ ರಂಪಣಿ ಬಲೆಗಳ ಗತಿಯೇನಾಯಿತೆಂಬುದನ್ನು ತಾವು ಕಣ್ಣಾರೆ ಕಂಡವರು. ಈಗಲೂ ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ಬೆಳಕಿನ ಮೀನುಗಾರಿಕೆಯ ವಿಷಯದಲ್ಲಿ ತೀರದ ವ್ಯಾಜ್ಯವಿದೆ. 2017ರಲ್ಲಿ ಕೇಂದ್ರ ಸರ್ಕಾರವು ಅದನ್ನು ನಿಷೇಧಿಸಿದ ಮೇಲೂ ದೂರುಗಳು ನಿಂತಿಲ್ಲ. ಇಂಥ ಊರಿನ ಸಮಿತಿಯು ಹತ್ತು ಮಂದಿ ಬೋಟುಮಾಲಕರ ಕೂಟವಾಗಿ, ಜೆಟ್ಟಿಯ ಒಳ್ಳೆಯ ತಾಣಗಳೂ ಅಂಗಡಿಗಳ ಗುತ್ತಿಗೆಗಳೂ ಅವರವರಲ್ಲಿಯೇ ಹಂಚಿಹೋಗುವುದಕ್ಕೆ ಕಾನೂನಿನ ಮುದ್ರೆಯೊತ್ತಿದಂತಾಗದೆ?

ಮಾಸ್ತರರು: ಆ ಭಯ ಬುಡವಿಲ್ಲದ್ದಲ್ಲ, ಈ ನೆಲದ ಚರಿತ್ರೆಯೇ ಅದಕ್ಕೆ ಪ್ರಮಾಣ. ಇದೇ ವಾರಾಹಿಯ ದಡದಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಬಸರೂರು. ವಿಜಯನಗರದ ಕಾಲದಲ್ಲಿ ಪರದೇಶಗಳೊಡನೆ ಅಕ್ಕಿಯ ವ್ಯಾಪಾರ ಮಾಡುತ್ತಿದ್ದ ಪಟ್ಟಣವದು. ಅರಸನ ಪ್ರತಿನಿಧಿ ಬಾರಕೂರಿನಲ್ಲಿ ಕುಳಿತು ರಾಜ್ಯವಾಳುತ್ತಿದ್ದರೂ, ಬಸರೂರಿನ ಪಡುವಕೇರಿ ಮೂಡುಕೇರಿಗಳ ಸೆಟ್ಟಿಕಾರರೆಂಬ ವರ್ತಕರೂ ಹಲರೆಂಬ ಊರ ಪ್ರಮುಖರೂ ತಮ್ಮ ಊರಿನ ವ್ಯವಹಾರದಲ್ಲಿ ಪಾಲುಳ್ಳವರಾಗಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ. ನಖರ, ಹಂಜಮಾನಗಳೆಂಬ ವರ್ತಕ ಸಂಘಗಳು ಈ ಕರಾವಳಿಯ ಪಟ್ಟಣಗಳಲ್ಲಿ ಬೇರೂರಿದ್ದವು. ಅಧಿಕಾರ ಅರಸನದು, ಆದರೆ ಪಟ್ಟಣದ ಹಲರನ್ನು ಬಿಟ್ಟು ಪಟ್ಟಣದ ಕಾರ್ಯ ನಡೆಯದು ಎಂಬ ಸಂಪ್ರದಾಯವೊಂದು ನಮ್ಮ ನೆಲದಲ್ಲಿಯೇ ಇತ್ತು. ನಾನು ಕೇಳುತ್ತಿರುವುದು ಪರದೇಶದಿಂದ ತಂದ ಹೊಸ ಪದಾರ್ಥವಲ್ಲ.

ಎಂಜಿನಿಯರು: ಆ ಹಲರಲ್ಲಿ ಬಲೆ ಬೀಸುವವನಿಗೆ, ಹೊರೆ ಹೊರುವವನಿಗೆ, ಮೀನು ಮಾರುವ ಹೆಂಗಸಿಗೆ ಸ್ಥಾನವಿತ್ತೆ?

ಮಾಸ್ತರರು: ಇದ್ದಂತೆ ನಾನು ಎಲ್ಲಿಯೂ ಓದಿಲ್ಲ; ಅದು ಉಳ್ಳವರ ಕೂಟವೆಂಬುದನ್ನು ಮುಚ್ಚಿಡುವುದೂ ಇಲ್ಲ. ಆದುದರಿಂದಲೇ ಹಳೆಯದನ್ನು ಹಾಗೆಯೇ ತರಕೂಡದು. ಪಂಚಾಯತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಸಂವಿಧಾನವೇ ಸ್ಥಾನಗಳನ್ನು ಮೀಸಲಿಟ್ಟಿರುವಾಗ, ಬಂದರಿನ ಸಮಿತಿಗೂ ಅದೇ ನ್ಯಾಯ ಸಲ್ಲಬೇಕು. ಬೋಟುಮಾಲಕರಿಗೆ ಸ್ಥಾನವಿರಲಿ; ಆದರೆ ಅವರಷ್ಟೇ ಸ್ಥಾನ ನಾಡದೋಣಿಯವರಿಗೂ, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೂ, ಮೀನು ಮಾರುವ ಮಹಿಳೆಯರಿಗೂ ಇರಲಿ. ಜೆಟ್ಟಿಯಲ್ಲಿ ಬೆಳಗಿನ ನಾಲ್ಕು ಗಂಟೆಯ ಕತ್ತಲೆಯಲ್ಲಿ ದೀಪವಿದೆಯೆ, ನೆಲ ಜಾರುತ್ತದೆಯೆ, ಶೌಚಾಲಯಕ್ಕೆ ನೀರು ಬರುತ್ತದೆಯೆ ಎಂಬುದನ್ನು ಬೋಟಿನ ಒಡೆಯನಿಗಿಂತ ಬುಟ್ಟಿ ಹೊತ್ತವಳು ಚೆನ್ನಾಗಿ ಬಲ್ಲಳು. ಇನ್ನು ಬಲವುಳ್ಳವರು ಸಮಿತಿಯನ್ನು ಹಿಡಿದಾರೆಂಬ ಭಯಕ್ಕೆ ಮದ್ದು ಒಂದೇ: ಸಮಿತಿಗೆ ಹಂಚುವ ಅಧಿಕಾರವನ್ನು ಕೊಡದೆ ಕೇಳುವ ಅಧಿಕಾರವನ್ನು ಮಾತ್ರ ಕೊಡುವುದು. ಗುತ್ತಿಗೆ ಕೊಡಲಾಗದ ಸಮಿತಿಯನ್ನು ಹಿಡಿದು ಯಾವನಿಗೂ ಲಾಭವಿಲ್ಲ. ಗುತ್ತಿಗೆ ಯಾರಿಗೆ, ಎಷ್ಟಕ್ಕೆ, ಏಕೆ ಹೋಯಿತೆಂದು ಕೇಳಬಲ್ಲ ಸಮಿತಿಯಿಂದ ಎಲ್ಲರಿಗೂ ಲಾಭವಿದೆ.

ಎಂಜಿನಿಯರು: ಕೇಳುವ ಅಧಿಕಾರ ಮಾತ್ರ ಎನ್ನುತ್ತೀರಿ. ತಡೆಯುವ ಶಕ್ತಿಯಿಲ್ಲದ ಪ್ರಶ್ನೆಯಿಂದ ಏನು ಸಾಧಿಸಿದಂತಾಯಿತು?

ಮಾಸ್ತರರು: ಬೇಲೆಕೇರಿಯನ್ನು ನೆನೆ. ಅಂಕೋಲೆಯ ಹತ್ತಿರದ ಆ ಪುಟ್ಟ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆಯು ಲಕ್ಷಾಂತರ ಟನ್ನು ಕಬ್ಬಿಣದ ಅದಿರನ್ನು ವಶಪಡಿಸಿಕೊಂಡು ಅಲ್ಲಿಯೇ ಇರಿಸಿತ್ತು. ಹಾಗೆ ಇರಿಸಿದ ಅದಿರಿನ ಬಹುಭಾಗ ಹಡಗು ಹತ್ತಿ ಹೊರಟೇಹೋಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಕೊಟ್ಟ ವರದಿಯಲ್ಲಿ ಅದೊಂದು ಮುಖ್ಯ ಸಂಗತಿಯಾಯಿತು. ನಾನು ಚಿಂತಿಸುವುದು ಇಷ್ಟೆ: ಅದಿರೆಂಬುದು ಕಿಸೆಯಲ್ಲಿ ಅಡಗುವ ವಸ್ತುವಲ್ಲ. ಕೆಂಪು ಧೂಳನ್ನೆಬ್ಬಿಸುತ್ತ ಬರುವ ಲಾರಿಗಳು, ಹೊರಸಮುದ್ರದಲ್ಲಿ ನಿಂತ ಹಡಗುಗಳು, ನಡುವೆ ಓಡಾಡುವ ಬಾರ್ಜುಗಳು, ಇವು ದಂಡೆಯ ಮೇಲೆ ಬದುಕುವವರ ಕಣ್ಣಿಗೆ ಬೀಳದೆ ಇರಲಾರವು. ಊರಿಗೆ ಕಣ್ಣಿತ್ತು, ಆದರೆ ಕಂಡುದನ್ನು ಹೇಳುವ ಸ್ಥಾನವಿರಲಿಲ್ಲ, ಹೇಳಿದುದಕ್ಕೆ ಉತ್ತರ ಕೊಡಲೇಬೇಕಾದ ಅಧಿಕಾರಿಯಿರಲಿಲ್ಲ. ‘ವಶದಲ್ಲಿರುವ ಅದಿರೆಷ್ಟು, ಹಿಂದಿನ ಸಭೆಯಿಂದ ಈ ಸಭೆಗೆ ಅದರಲ್ಲಿ ಕಡಮೆಯಾದುದೆಷ್ಟು’ ಎಂಬ ಒಂದು ಪ್ರಶ್ನೆಯನ್ನು ಮೂರು ತಿಂಗಳಿಗೊಮ್ಮೆ ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯುವ ಸಭೆಯೊಂದಿದ್ದಿದ್ದರೆ, ಅಷ್ಟು ದೊಡ್ಡ ಅಕ್ರಮವು ಅಷ್ಟು ನಿರಾತಂಕವಾಗಿ ನಡೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಸುಳ್ಳು ಉತ್ತರವನ್ನಾದರೂ ಒಬ್ಬನು ಸಹಿ ಮಾಡಿ ಕೊಡಬೇಕಾಗುತ್ತಿತ್ತು. ಸಹಿ ಮಾಡುವ ಕೈ ಎಷ್ಟು ಹಿಂಜರಿಯುತ್ತದೆಂಬುದನ್ನು ಕಚೇರಿಯಲ್ಲಿ ಕುಳಿತ ನೀನು ನನಗಿಂತ ಚೆನ್ನಾಗಿ ಬಲ್ಲೆ.

ಎಂಜಿನಿಯರು: ಬಲ್ಲೆನು. ಆದರೂ ಹೊಸ ಸಮಿತಿಗಿಂತ ಇರುವುದನ್ನು ಬಳಸುವುದು ಮೇಲಲ್ಲವೆ? 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾಮಟ್ಟದ ಸಮಿತಿಯನ್ನು ವಿಧಿಸಿ, ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಮೂವರಾದರೂ ಪ್ರತಿನಿಧಿಗಳಿರಬೇಕೆಂದು ಹೇಳಿತು.

ಮಾಸ್ತರರು: ಆ ಮೂರು ಸ್ಥಾನಗಳನ್ನು ನಾನು ಗೌರವಿಸುತ್ತೇನೆ, ದಂಡೆಯವನ ಮಾತಿಗೆ ಬೆಲೆಯಿದೆಯೆಂದು ಕಾನೂನೇ ಒಪ್ಪಿದುದಕ್ಕೆ ಅದು ಗುರುತು. ಆದರೆ ಅದು ಇಡೀ ಜಿಲ್ಲೆಯ ದಂಡೆಯನ್ನು ನೋಡುವ ಸಮಿತಿ. ನಿಯಮ ಮೀರಿದ ಕಟ್ಟಡಗಳನ್ನೂ ಅನುಮತಿಗಳನ್ನೂ ನೋಡುವುದು ಅದರ ಕೆಲಸ. ನಮ್ಮ ಜೆಟ್ಟಿಯ ಚಪ್ಪಡಿ ಕುಸಿಯುತ್ತಿದೆಯೆಂಬುದನ್ನು ಅಲ್ಲಿಗೆ ಕೊಂಡೊಯ್ದರೆ ಅದು ಆ ಸಮಿತಿಯ ವಿಷಯವಲ್ಲವೆಂಬ ಉತ್ತರ ಬಂದೀತು. ಮಾದರಿ ಬೇಕಾದರೆ ಇನ್ನೂ ಹತ್ತಿರದಲ್ಲಿದೆ. 2005ರ ಉದ್ಯೋಗ ಖಾತರಿ ಅಧಿನಿಯಮದ 17ನೆಯ ಪ್ರಕರಣವು, ಪಂಚಾಯತಿಯ ವ್ಯಾಪ್ತಿಯಲ್ಲಿ ಆ ಯೋಜನೆಯಡಿ ನಡೆದ ಕಾಮಗಾರಿಗಳನ್ನೆಲ್ಲ ಗ್ರಾಮಸಭೆಯೇ ಸಾಮಾಜಿಕ ಲೆಕ್ಕಪರಿಶೋಧನೆಗೆ ಒಳಪಡಿಸತಕ್ಕದ್ದೆಂದು ವಿಧಿಸಿತು. ಹಾಜರಿ ಪುಸ್ತಕ, ಬಿಲ್ಲು, ರಸೀದಿ, ಅಳತೆಯ ಪುಸ್ತಕಗಳನ್ನು ಸಭೆಯ ಮುಂದಿಡಬೇಕೆಂದಿತು. ಕೆರೆಯ ಹೂಳನ್ನು ಕೂಲಿಯವರು ಎತ್ತಿದಾಗ ಅದರ ಅಳತೆಪುಸ್ತಕವನ್ನು ಗ್ರಾಮಸಭೆ ಕೇಳಬಹುದು. ಅಳಿವೆಯ ಹೂಳನ್ನು ಗುತ್ತಿಗೆದಾರನ ಯಂತ್ರ ಎತ್ತಿದಾಗ ಅದೇ ಗ್ರಾಮಸಭೆ ಸುಮ್ಮನಿರಬೇಕು. ಸಣ್ಣ ಹಣಕ್ಕೆ ಊರನ್ನು ನಂಬಿ, ದೊಡ್ಡ ಹಣಕ್ಕೆ ಊರನ್ನು ಹೊರಗಿಡುವ ಈ ಭೇದಕ್ಕೆ ನ್ಯಾಯವಾದ ಕಾರಣವೇನೆಂಬುದನ್ನು ನಾನು ಎಷ್ಟು ಯೋಚಿಸಿದರೂ ಕಾಣಲಾರದವನಾಗಿದ್ದೇನೆ.

ಎಂಜಿನಿಯರು: ನನಗೂ ತೋರುತ್ತಿಲ್ಲ. ಹಾಗಾದರೆ ಈ ಸಮಿತಿಯ ಕಾರ್ಯಕ್ರಮವನ್ನು ಸ್ಪಷ್ಟವಾಗಿ ಹೇಳಿ. ಸ್ಪಷ್ಟವಿಲ್ಲದುದನ್ನು ಕಚೇರಿಗಳು ಕೊಡುವುದೇ ಇಲ್ಲ.

ಮಾಸ್ತರರು: ಮೂರು ಕಾಗದಗಳು, ನಾಲ್ಕು ಸಭೆಗಳು. ಮೊದಲನೆಯ ಕಾಗದ ಆಳದ್ದು: ಅಳಿವೆಯ ಬಾಗಿಲಿನಲ್ಲಿ, ಕಾಲುವೆಯಲ್ಲಿ, ಜೆಟ್ಟಿಯ ಬುಡದಲ್ಲಿ ಇಳಿತದ ಹೊತ್ತಿಗೆ ನೀರೆಷ್ಟು. ಎರಡನೆಯದು ಹಣದ್ದು: ಈ ಬಂದರಿನಿಂದ ಬಂದುದೆಷ್ಟು, ಈ ಬಂದರಿಗೆ ಸಂದುದೆಷ್ಟು. ಮೂರನೆಯದು ಕೆಲಸಗಳದ್ದು: ಯಾವ ಕಾಮಗಾರಿ, ಯಾರ ಗುತ್ತಿಗೆ, ಎಂದು ಮುಗಿಯಬೇಕಾದುದು, ಎಲ್ಲಿಗೆ ಬಂದಿದೆ, ಮುಗಿದ ಮೇಲೆ ಎಷ್ಟು ವರ್ಷ ದುರಸ್ತಿಯ ಹೊಣೆ ಅವನದು. ಜೂನ್ ಒಂದರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲು ನಿಷಿದ್ಧವಷ್ಟೆ. ನಿಷೇಧಕ್ಕೆ ಮೊದಲು ಮೇ ತಿಂಗಳಲ್ಲಿ ಒಂದು ಸಭೆ, ಬೋಟುಗಳು ದಡದಲ್ಲಿ ಒತ್ತೊತ್ತಾಗಿ ನಿಲ್ಲುವ ಆ ಕಾಲದ ಬೆಂಕಿಯ ಎಚ್ಚರಕ್ಕಾಗಿ. ಜುಲೈ ಕೊನೆಯಲ್ಲಿ ಒಂದು, ಮಳೆಯ ಹೂಳಿನ ಮೇಲೆ ಬೋಟುಗಳು ಹೊರಡುವ ಮುನ್ನ ಆಳವನ್ನು ತಿಳಿಯುವುದಕ್ಕಾಗಿ. ಉಳಿದೆರಡು ಕಾಮಗಾರಿ ನಡೆಯುವ ಒಣಗಾಲದಲ್ಲಿ. ಸಭೆಯ ಪ್ರಶ್ನೆಗೆ ಗೊತ್ತಾದ ಅವಧಿಯೊಳಗೆ ಅಧಿಕಾರಿಯ ಸಹಿಯುಳ್ಳ ಉತ್ತರ ಬರಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಬಾರದ ಉತ್ತರದ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕು. ಇದಕ್ಕಿಂತ ಹೆಚ್ಚಿನದನ್ನು ನಾನು ಬೇಡುವುದಿಲ್ಲ.

ಎಂಜಿನಿಯರು: ಕರ್ನಾಟಕ ಜಲಸಾರಿಗೆ ಮಂಡಳಿಯ 2015ರ ಅಧಿನಿಯಮವು ಈಗಾಗಲೇ ಬಂದಿದೆ. 2025ರಲ್ಲಿ ಸಂಸತ್ತು 1908ರ ಕಾನೂನನ್ನು ತೆಗೆದು ಹೊಸ ಬಂದರು ಅಧಿನಿಯಮವನ್ನೇ ರಚಿಸಿ, ರಾಜ್ಯಗಳ ಇಂಥ ಮಂಡಳಿಗಳಿಗೆ ದೇಶದ ಕಾನೂನಿನಲ್ಲಿ ಸ್ಥಾನವನ್ನೂ, ಕೇಂದ್ರ ರಾಜ್ಯಗಳು ಕೂಡಿ ಆಲೋಚಿಸುವುದಕ್ಕೆ ಒಂದು ಪರಿಷತ್ತನ್ನೂ ಕೊಟ್ಟಿದೆ. ದಿಕ್ಕು ಮೇಲಕ್ಕೆ ಹೋಗುತ್ತಿದೆ, ಮಾಸ್ತರರೇ. ತಾವು ಕೆಳಕ್ಕೆ ಎಳೆಯುತ್ತಿದ್ದೀರಿ. ಪ್ರಶ್ನೆಗಳು ಹೆಚ್ಚಿದಷ್ಟೂ ಕೆಲಸ ತಡವಾಗುವುದೆಂದು ಮೇಲಿನವರು ಹೇಳುವರು.

ಮಾಸ್ತರರು: ಮೇಲಕ್ಕೆ ಹೋದಷ್ಟೂ ಕೆಳಗೊಂದು ಆಸರೆ ಬೇಕು. ಕೇಂದ್ರಕ್ಕೂ ರಾಜ್ಯಕ್ಕೂ ಕೂಡಿ ಆಲೋಚಿಸಲು ಪರಿಷತ್ತು ಬೇಕೆಂದಾದರೆ, ರಾಜ್ಯಕ್ಕೂ ಊರಿಗೂ ಕೂಡಿ ಆಲೋಚಿಸಲು ಒಂದು ಸಭೆ ಬೇಡವೆ? ತಡವೆನ್ನುತ್ತೀಯೆ, ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ಯೋಜನೆಗೆ ಮೀನುಗಾರರು ವರ್ಷವರ್ಷವೂ ಎದುರು ನಿಂತರು, ಪೊಲೀಸರು ಬಂದರು, ವಿವಾದವು ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಆ ಯೋಜನೆಯ ಗುಣದೋಷಗಳನ್ನು ನಾನಿಲ್ಲಿ ತೂಗುತ್ತಿಲ್ಲ. ಆರಂಭದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು ಕೊನೆಯಲ್ಲಿ ಬೀದಿಯಲ್ಲಿ ಕೇಳಿಬರುತ್ತವೆ. ಆಗ ಆಗುವ ತಡಕ್ಕೂ ನೋವಿಗೂ ಹೋಲಿಸಿದರೆ ನಾಲ್ಕು ಸಭೆಗಳ ತಡ ತಡವೇ ಅಲ್ಲ. ಊರನ್ನು ಕೇಳದೆ ನಡೆಯಿಸಿದ ಬಂದರೆಂದರೆ, ಕಣಜವನ್ನು ಮನೆಯಲ್ಲಿಟ್ಟು ಬೀಗದ ಕೈಯನ್ನು ಪರವೂರಿನಲ್ಲಿಟ್ಟಂತೆ. ಹಸಿದವರು ಒಂದಲ್ಲ ಒಂದು ದಿನ ಬಾಗಿಲನ್ನೇ ಒಡೆದಾರು.

ಎಂಜಿನಿಯರು: ಕಾನೂನನ್ನು ತಿದ್ದುವುದು ನನ್ನ ಕೈಯಲ್ಲಿಲ್ಲ. ಆದರೆ ಮೇಲಧಿಕಾರಿಗಳ ಅನುಮತಿ ಪಡೆದು, ಬರುವ ಜುಲೈ ಕೊನೆಯ ಆಳದ ಅಳತೆಗೆ ಎರಡೂ ದಡದ ತಾಂಡೇಲರನ್ನು ಕರೆಯಿಸಿ, ಅಂಕಿಗಳನ್ನು ಕನ್ನಡದಲ್ಲಿ ಬರೆಯಿಸಿ ಪ್ರಾಂಗಣದಲ್ಲಿ ಅಂಟಿಸುವುದಕ್ಕೆ ಯತ್ನಿಸುತ್ತೇನೆ. ಹಣದ ಕಾಗದವನ್ನು ಪಂಚಾಯತಿಯು ಬರಹದಲ್ಲಿ ಕೇಳಲಿ. ಕೇಳಿದರೆ ಕೊಡಲಾಗದೆಂದು ಹೇಳುವುದಕ್ಕೆ ಮಾಹಿತಿ ಹಕ್ಕಿನ ಕಾನೂನು ಬಂದ ಮೇಲೆ ಯಾರಿಗೂ ಸುಲಭವಲ್ಲ. ಆದರೆ ಒಂದು ಮಾತು: ಅಂಟಿಸಿದ ಕಾಗದವನ್ನು ಓದುವವರು ಬರುವರೆ? ಬೋಟು ಮುಳುಗಿದ ದಿನ, ಬೆಂಕಿ ಬಿದ್ದ ದಿನ ಇಡೀ ಊರೇ ಬಂದೀತು. ಏನೂ ಆಗದ ದಿನ?

ಮಾಸ್ತರರು: ಅದು ನಮ್ಮ ಪಾಲಿನ ಹೊಣೆ, ನಿನ್ನ ಇಲಾಖೆಯ ಮೇಲೆ ಹೊರಿಸತಕ್ಕದ್ದಲ್ಲ. ಸಿಟ್ಟು ಬಂದಾಗ ಕೂಡುವುದನ್ನು ನಮ್ಮ ಊರು ಬಲ್ಲದು. ಸಿಟ್ಟಿಲ್ಲದಾಗಲೂ ಕೂಡಿ, ಅಂಕಿಗಳನ್ನು ಹಿಂದಿನ ವರ್ಷದ ಅಂಕಿಗಳೊಡನೆ ಹೋಲಿಸಿ, ‘ಇಲ್ಲಿ ಅರ್ಧ ಮೀಟರು ಕಡಮೆಯಾಗಿದೆ, ಕಾರಣವೇನು’ ಎಂದು ಕೇಳುವ ಅಭ್ಯಾಸವನ್ನು ಅದು ಇನ್ನೂ ಪಡೆಯಬೇಕಾಗಿದೆ. ಉಸ್ತುವಾರಿಯೆಂಬುದು ಆ ಅಭ್ಯಾಸವಲ್ಲದೆ ಬೇರೇನೂ ಅಲ್ಲ. ಅಧಿನಿಯಮಗಳು ಅದಕ್ಕೆ ದಾರಿ ಮಾಡಿಕೊಡಬಹುದು, ನಡೆಯಬೇಕಾದವರು ನಾವೇ. ಮೊದಲ ಸಭೆಗೆ ಪ್ರೌಢಶಾಲೆಯ ಮೇಲಿನ ತರಗತಿಯ ಮಕ್ಕಳನ್ನೂ ಕರೆಯಬೇಕೆಂದಿದ್ದೇನೆ. ಬೋಟುಮಾಲಕರ ಮಕ್ಕಳೂ ಕಲಾಸಿಗಳ ಮಕ್ಕಳೂ ಒಟ್ಟಿಗೆ ಕುಳಿತು ತಮ್ಮ ಬಂದರಿನ ಆಯವ್ಯಯವನ್ನು ತಾವೇ ಕೂಡಿಸಿ ನೋಡಲಿ. ನೀನು ಕಾಗದವನ್ನು ಕೊಡು. ಓದುವವರನ್ನು ಸಿದ್ಧಪಡಿಸುವುದು ನನ್ನ ಹಳೆಯ ಕಸುಬು.